ಹಳೆಯ ಪ್ರಿಯಸ್‌ನ ಮೀಟರ್ ಕತ್ತಲಾದರೆ: ಬಿಚ್ಚಿ, ಕೆಪಾಸಿಟರ್ ಬದಲಿಸಿ, ಮತ್ತೆ ಬೆಳಗಿಸುವ ಸಮಗ್ರ ಮಾರ್ಗದರ್ಶಿ

ಎರಡನೇ ಪೀಳಿಗೆಯ ಟೊಯೋಟಾ ಪ್ರಿಯಸ್ ಅಮೆರಿಕದಲ್ಲಿ 2004ರಿಂದ 2009ರ ಮಾಡೆಲ್‌ವರೆಗೆ ಮಾರಾಟವಾಯಿತು. ಈಗಲೂ ರಸ್ತೆ ಮೇಲೆ ಬೇಕಾದಷ್ಟು ಓಡುತ್ತಿವೆ. ಅಲ್ಲಿರುವ ಕನ್ನಡಿಗರ ಮನೆಗಳಲ್ಲೂ ಮಕ್ಕಳು ಡ್ರೈವಿಂಗ್ ಕಲಿಯಲಿ ಅಂತ ಇಟ್ಟುಕೊಂಡ ಎರಡನೇ ಕಾರಾಗಿ ಇದು ಸಿಗುತ್ತದೆ. ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರಿನಿಂದಲೂ ಓಡುವ ಹೈಬ್ರಿಡ್ ಕಾರು ಇದು. 1.5 ಲೀಟರ್ ಎಂಜಿನ್ ಗಟ್ಟಿ. ಹೈಬ್ರಿಡ್ ಬ್ಯಾಟರಿ ಹೋದರೂ ಬದಲಿಸಿಕೊಂಡು ಓಡಿಸುವವರಿದ್ದಾರೆ. ಆದರೆ ವಯಸ್ಸಾದ ಮೇಲೆ ಇವುಗಳಲ್ಲಿ ಒಂದು ತೊಂದರೆ ಪದೇ ಪದೇ ಕಾಣಿಸುತ್ತದೆ. ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ನಡುವೆ ಇರುವ ಮೀಟರ್ ಹತ್ತುವುದೇ ಇಲ್ಲ. ಸ್ಪೀಡ್ ಇಲ್ಲ, ಪೆಟ್ರೋಲ್ ಎಷ್ಟಿದೆ ಗೊತ್ತಿಲ್ಲ, ಯಾವ ಗೇರಿನಲ್ಲಿದೆ ಗೊತ್ತಿಲ್ಲ, ಕಾರು ಓಡಲು ಸಿದ್ಧ ಅನ್ನುವ 'ರೆಡಿ' ದೀಪವೂ ಇಲ್ಲ.

ಡೀಲರ್ ಹತ್ತಿರ ಹೋದರೆ ಇಡೀ ಮೀಟರ್ ಬದಲಿಸಬೇಕು ಅನ್ನುತ್ತಾರೆ. ಬಿಲ್ಲು ನೂರಾರು ಡಾಲರ್ ದಾಟುತ್ತದೆ. ಕಾರಿನ ಬೆಲೆಗೂ ಆ ಬಿಲ್ಲಿಗೂ ಹೋಲಿಸಿ, ಸುಮ್ನೆ ಗುಜರಿಗೆ ಹಾಕಿಬಿಡೋಣ ಅಂದುಕೊಳ್ಳುವವರೂ ಉಂಟು. ಹಾಗೆ ಮಾಡಬೇಡಿ. ಬಹುತೇಕ ಸಲ ಆ ಮೀಟರಿನಲ್ಲಿ ಸತ್ತಿರುವುದು ಒಂದೇ ಒಂದು ಕೆಪಾಸಿಟರ್, ಅಂದರೆ ಕರೆಂಟ್ ಕೂಡಿಟ್ಟು ಕೊಡುವ ಪುಟ್ಟ ಬಿಡಿಭಾಗ. ಒಂದು ಡಾಲರಿಗಿಂತ ಕಡಿಮೆ ಬೆಲೆಯ ವಸ್ತು. ಉಳಿದದ್ದೆಲ್ಲ ಚೆನ್ನಾಗಿಯೇ ಇರುತ್ತದೆ.

ಬೆಸುಗೆ ಕೆಲಸ ಅರ್ಧ ಗಂಟೆಯದ್ದು. ಮೀಟರಿನ ತನಕ ಕೈ ಹೋಗುವಂತೆ ಮಾಡುವುದೇ ಅರ್ಧ ದಿನದ ಕೆಲಸ. ಒಂದು ರಜೆ ದಿನವನ್ನು ಇದಕ್ಕೆಂದೇ ಇಟ್ಟುಕೊಳ್ಳಿ.

ಒಳಗೆ ಏನಾಗುತ್ತದೆ

ಈ ಮೀಟರಿನಲ್ಲಿರುವುದು ಎಲ್‌ಸಿಡಿ ಅಲ್ಲ, ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್‌ಪ್ಲೇ. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಕೂದಲಿಗಿಂತ ತೆಳುವಾದ ತಂತಿಗಳು ಬಿಸಿಯಾಗಿ ಎಲೆಕ್ಟ್ರಾನು ಹೊರಸೂಸುತ್ತವೆ. ಅವು ಫಾಸ್ಫರ್ ಅನ್ನುವ ಹೊಳೆಯುವ ಲೇಪ ಬಳಿದ ಅಂಕಿಗಳಿಗೆ ಬಡಿದಾಗ ಆ ಹಸಿರು ಬೆಳಕು ಹುಟ್ಟುತ್ತದೆ. ಇದಕ್ಕೆ ಹತ್ತಾರು ವೋಲ್ಟ್ ಬೇಕು. ಕಾರಿನಲ್ಲಿರುವುದು 12 ವೋಲ್ಟ್. ಹಾಗಾಗಿ ಮೀಟರಿನ ಬೋರ್ಡಿನ ಮೇಲೇ ವೋಲ್ಟೇಜ್ ಏರಿಸುವ ಚಿಕ್ಕ ಪವರ್ ಸಪ್ಲೈ ಇದೆ. ಅದು ಶುರುವಾಗುವ ಕ್ಷಣದಲ್ಲಿ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಗಳಿಗೆಗೆ ಬೇಕಾದ ಕರೆಂಟನ್ನು ಕೂಡಿಟ್ಟು ಕೊಡುವುದು ಅಲ್ಯೂಮಿನಿಯಂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್.

ಈ ಜಾತಿಯ ಕೆಪಾಸಿಟರಿನೊಳಗೆ ದ್ರವ ಇರುತ್ತದೆ. ಬಿಸಿಗೆ ಅದು ನಿಧಾನವಾಗಿ ಒಣಗುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್ ಮಂದಿಯ ಲೆಕ್ಕ. ಪ್ರಿಯಸ್ ಮೀಟರ್ ಕೂತಿರುವ ಜಾಗ ನೋಡಿ: ನೇರವಾಗಿ ಮುಂದಿನ ಗಾಜಿನ ಕೆಳಗೆ, ಬೇಸಿಗೆಯ ಬಿಸಿಲೆಲ್ಲ ಬೀಳುವಲ್ಲಿ. ಒಣಗಿದ ಕೆಪಾಸಿಟರಿನ ಒಳಗಿನ ತಡೆ ಏರುತ್ತದೆ. ಆಗ ಅದು ಶುರುವಿನ ಆ ಒಂದು ಎಳೆತಕ್ಕೆ ಕರೆಂಟ್ ಕೊಡಲಾರದೆ ಹೋಗುತ್ತದೆ. ಚಳಿಯಲ್ಲಿ ತಡೆ ಇನ್ನೂ ಜಾಸ್ತಿ.

ಈ ತೊಂದರೆಯ ಚಹರೆ ಇಷ್ಟು ಗೊತ್ತಾದರೆ ತಾನಾಗಿ ತಿಳಿಯುತ್ತದೆ. ಮೀಟರ್ ಕೆಟ್ಟರೆ ಕಾರು ಶುರು ಮಾಡುವಾಗಲೇ ಕೆಡುತ್ತದೆ. ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಆ ಪ್ರಯಾಣ ಪೂರ್ತಿ ಉರಿಯುತ್ತದೆ. ಮೊದಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ದಿನಾ.

ಮೀಟರ್ ಹತ್ತದಿದ್ದಾಗ ಕಾರನ್ನು ಆಫ್ ಮಾಡುವುದು

ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಇಲ್ಲಿ ಅಪಾಯ ಇದೆ. ಮೀಟರ್ ಬರೀ ತೋರಿಸುವ ಫಲಕ ಅಲ್ಲ. ಕಾರಿನ ವೇಗದ ಮಾಹಿತಿ ಬೇರೆ ಕಂಪ್ಯೂಟರುಗಳಿಗೆ ಹೋಗುವುದೂ ಅದರ ಮೂಲಕವೇ. ಮೀಟರ್ ಸತ್ತಾಗ ಕಾರು ನಿಂತಿದೆಯೋ ಓಡುತ್ತಿದೆಯೋ ಅನ್ನುವುದು ಪವರ್ ವ್ಯವಸ್ಥೆಗೆ ಖಾತ್ರಿಯಾಗುವುದಿಲ್ಲ. ಹಾಗಾಗಿ ಪವರ್ ಬಟನ್ ಒತ್ತಿದರೂ ಕಾರು ಆಫ್ ಆಗದೇ ಉಳಿಯಬಹುದು.

ಹೈಬ್ರಿಡ್ ಕಾರು ಸದ್ದಿಲ್ಲದೆ ನಿಂತಿದ್ದರೂ 'ರೆಡಿ'ಯಲ್ಲಿರಬಹುದು. ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಶುರುವಾಗುತ್ತದೆ. ಮುಚ್ಚಿದ ಗರಾಜಿನಲ್ಲಿ ಹೀಗಾದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಜೀವಕ್ಕೇ ಕುತ್ತು. ಮೀಟರ್ ಕೆಟ್ಟಿರುವ ಪ್ರಿಯಸ್ಸನ್ನು ರಿಪೇರಿ ಆಗುವವರೆಗೆ ಗರಾಜಿನೊಳಗೆ ನಿಲ್ಲಿಸಲೇಬೇಡಿ.

ಆಫ್ ಆಗದಿದ್ದರೆ ಬಯಲಿನಲ್ಲಿ ನಿಲ್ಲಿಸಿ, ಕಾಲಿನ ಪಾರ್ಕಿಂಗ್ ಬ್ರೇಕ್ ತುಳಿಯಿರಿ, 'ಪಿ' ಗುಂಡಿ ಒತ್ತಿ. ಕೆಲವು ಸೆಕೆಂಡ್ ಬಿಟ್ಟು ಪವರ್ ಬಟನ್ ಒತ್ತಿ. ಆಗದಿದ್ದರೆ ಅದನ್ನೇ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿಯಿರಿ. ಆಗಲೂ ಆಗದಿದ್ದರೆ ರಸ್ತೆ ಸಹಾಯದವರನ್ನು ಕರೆಯಿರಿ. ಹತಾಶೆಯಿಂದ ಡಿಕ್ಕಿಯ 12 ವೋಲ್ಟ್ ಬ್ಯಾಟರಿಯ ತಂತಿ ಕೀಳಬೇಡಿ. 'ರೆಡಿ'ಯಲ್ಲಿರುವ ಕಾರಿಗೆ ವೋಲ್ಟೇಜ್ ಇಳಿಸಿಕೊಡುವ ಡಿಸಿ-ಡಿಸಿ ಕನ್ವರ್ಟರ್ ಹೈಬ್ರಿಡ್ ಬ್ಯಾಟರಿಯಿಂದಲೇ ಕರೆಂಟ್ ಕೊಡುತ್ತಿರುತ್ತದೆ. ಬ್ಯಾಟರಿ ಕಿತ್ತರೆ ಕಾರು ಆಫ್ ಆಗುತ್ತದೆ ಅನ್ನುವ ಖಾತ್ರಿ ಇಲ್ಲ, ಏರುಪೇರಾದ ವೋಲ್ಟೇಜು ಬೇರೆ ಕಂಪ್ಯೂಟರನ್ನು ಸುಡಬಹುದು.

ಇನ್ನೊಂದು ಮಾತು. ಫೋನಿನ ಜಿಪಿಎಸ್‌ನಲ್ಲಿ ಸ್ಪೀಡ್ ಕಾಣುತ್ತದಲ್ಲ ಅಂತ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಸ್ಪೀಡ್ ಕಾಣುತ್ತದೆ, ಸರಿ. ಆದರೆ ಬ್ರೇಕಿನ ಎಚ್ಚರಿಕೆ ದೀಪ, ಎಣ್ಣೆಯ ದೀಪ, ದೋಷ ಇದೆ ಅಂತ ಎಚ್ಚರಿಸುವ ಕೆಂಪು ತ್ರಿಕೋನ ಯಾವುದೂ ಕಾಣುವುದಿಲ್ಲ. ಇಂಡಿಕೇಟರ್ ಹಾಕಿದ್ದೀರೋ ಇಲ್ಲವೋ ಅದೂ ತಿಳಿಯದು. ಮನೆಗೆ ತಲುಪಲು ಸಾಕು, ದಿನದ ಓಡಾಟಕ್ಕೆ ಅಲ್ಲ.

ಬಿಚ್ಚುವ ಮೊದಲು: ತೊಂದರೆ ಮೀಟರಿನದೇ ಅಂತ ಖಾತ್ರಿ ಮಾಡಿಕೊಳ್ಳಿ

ಮೊದಲು ಸುಲಭದ್ದು. ಮೀಟರಿನ ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗಣೆಯನ್ನು ಯಾರೋ ಕಡಿಮೆಗೆ ತಿರುಗಿಸಿಟ್ಟಿದ್ದಾರಾ ನೋಡಿ. ಓನರ್ಸ್ ಮ್ಯಾನುಯಲ್ಲಿನ ಫ್ಯೂಸ್ ಪಟ್ಟಿಯಲ್ಲಿ ಮೀಟರಿನ ಫ್ಯೂಸ್ ಯಾವುದು ಹುಡುಕಿ, ಕಿತ್ತು, ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಕಣ್ಣಿಗೆ ಸರಿ ಕಾಣುವ ಫ್ಯೂಸೂ ಹೋಗಿರಬಹುದು.

ಆಮೇಲೆ 12 ವೋಲ್ಟ್ ಬ್ಯಾಟರಿ. ಇದು ಬಾನೆಟ್ಟಿನ ಕೆಳಗಿಲ್ಲ, ಡಿಕ್ಕಿಯ ಬಲಮೂಲೆಯಲ್ಲಿದೆ. ಪ್ರಿಯಸ್ಸಿನ ವಿಚಿತ್ರ ತೊಂದರೆಗಳಲ್ಲಿ ಅರ್ಧದಷ್ಟು ಈ ಚಿಕ್ಕ ಬ್ಯಾಟರಿ ಸೊರಗಿದ್ದರಿಂದಲೇ ಬರುತ್ತವೆ ಅನ್ನುವುದು ನನ್ನ ಅನಿಸಿಕೆ. ಕಾರು ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಅಳೆದರೆ ಆರೋಗ್ಯವಾದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಕಾರು 'ರೆಡಿ'ಯಲ್ಲಿದ್ದಾಗ 13.8 ಅಥವಾ ಅದಕ್ಕಿಂತ ಮೇಲೆ.

ಮಲ್ಟಿಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ. ಇದು ಕಾರಿನೊಳಗೇ ಅಡಗಿದೆ. ಬ್ರೇಕ್ ತುಳಿಯದೆ ಪವರ್ ಬಟನ್ ಒಂದು ಸಲ ಒತ್ತಿ. ನಡುವಿನ ದೊಡ್ಡ ಸ್ಕ್ರೀನ್ ಹತ್ತುತ್ತದೆ. ಅದರ ಪಕ್ಕದ 'ಇನ್ಫೋ' ಗುಂಡಿಯನ್ನು ಒತ್ತಿ ಹಿಡಿದುಕೊಂಡೇ, ಹೆಡ್‌ಲೈಟಿನ ತಿರುಗಣೆಯನ್ನು ಆಫ್‌ನಿಂದ ಪಾರ್ಕಿಂಗ್ ಲೈಟಿಗೂ, ಅಲ್ಲಿಂದ ಹಿಂದಕ್ಕೂ ಮೂರು ಸಲ ಆಡಿಸಿ. ಸರ್ವಿಸ್ ಮೆನು ತೆರೆಯುತ್ತದೆ. ಅದರಲ್ಲಿ 'ಮೆನು', ನಂತರ 'ಡಿಸ್‌ಪ್ಲೇ ಚೆಕ್', ನಂತರ 'ವೆಹಿಕಲ್ ಸಿಗ್ನಲ್ ಚೆಕ್' ಮುಟ್ಟಿ. ಬ್ಯಾಟರಿಯ ವೋಲ್ಟೇಜ್ ಅಲ್ಲೇ ಕಾಣುತ್ತದೆ. ಈ ಸ್ಥಿತಿಯಲ್ಲಿ 12ಕ್ಕಿಂತ ಕೆಳಗಿದ್ದರೆ ಮೀಟರಿಗೆ ಕೈ ಹಾಕುವ ಮೊದಲು ಬ್ಯಾಟರಿಯನ್ನು ವಿಚಾರಿಸಿಕೊಳ್ಳಿ.

ಈ ದೊಡ್ಡ ಸ್ಕ್ರೀನೂ ಮೀಟರೂ ಎರಡು ಬೇರೆ ಬೇರೆ ಘಟಕಗಳು. ಸ್ಕ್ರೀನ್ ಸತ್ತು ಮೀಟರ್ ಉರಿಯುತ್ತಿದ್ದರೆ ಈ ಲೇಖನದ ರಿಪೇರಿ ನಿಮಗೆ ಬೇಡ. ಬ್ಯಾಟರಿ ಸರಿ ಇದೆ, ಫ್ಯೂಸ್ ಸರಿ ಇದೆ, ಸ್ಕ್ರೀನ್ ಹತ್ತುತ್ತದೆ, ಮೀಟರ್ ಮಾತ್ರ ಒಮ್ಮೆ ಹತ್ತಿ ಒಮ್ಮೆ ಹತ್ತದೆ ಆಟ ಆಡುತ್ತಿದೆ ಅಂದರೆ ಕೆಪಾಸಿಟರ್ ಮೇಲೆಯೇ ಸಂಶಯ ಪಡಿ.

ಬೇರೆ ಮೀಟರ್ ತಂದು ಹಾಕಿದರೆ ಆಗದೇ?

ಗುಜರಿ ಅಂಗಡಿಯಲ್ಲಿ ಹಳೆ ಮೀಟರ್ ಸಿಗುತ್ತದೆ. ನಾನಂತೂ ಆ ದಾರಿ ಬೇಡ ಅನ್ನುತ್ತೇನೆ. ಅದೂ ಅಷ್ಟೇ ವಯಸ್ಸಿನದು, ಅದರ ಕೆಪಾಸಿಟರೂ ಅಷ್ಟೇ ಬಿಸಿಲು ಕಂಡಿದೆ. ಜೊತೆಗೆ ಕಾರು ಎಷ್ಟು ಮೈಲಿ ಓಡಿದೆ ಅನ್ನುವ ಲೆಕ್ಕ ಮೀಟರಿನ ಬೋರ್ಡಿನಲ್ಲಿರುವ ಮೆಮೊರಿ ಚಿಪ್ಪಿನಲ್ಲಿದೆ. ಬೇರೆ ಕಾರಿನ ಮೀಟರ್ ಹಾಕಿದರೆ ಆ ಕಾರಿನ ಮೈಲಿ ನಿಮ್ಮದಾಗುತ್ತದೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ, ಬದಲಿಸಿದ ಓಡೋಮೀಟರಿನಲ್ಲಿ ಹಿಂದಿನ ಅಂಕಿಯನ್ನೇ ಕೂರಿಸಲಾಗದಿದ್ದರೆ ಅದನ್ನು ಸೊನ್ನೆಗೆ ಇಳಿಸಬೇಕು. ಹಿಂದಿನ ಮೈಲಿ ಮತ್ತು ಬದಲಿಸಿದ ತಾರೀಖು ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ನಿಮ್ಮದೇ ಬೋರ್ಡನ್ನು ರಿಪೇರಿ ಮಾಡಿದರೆ ಈ ತಲೆನೋವು ಯಾವುದೂ ಇಲ್ಲ. ಮೆಮೊರಿ ಚಿಪ್ಪಿಗೆ ನೀವು ಕೈ ಹಾಕುವುದೇ ಇಲ್ಲ, ಅಲ್ವಾ?

ಬೆಸುಗೆ ಕೆಲಸ ಬೇಡವೆನಿಸಿದವರು ಮೀಟರ್ ಮಾತ್ರ ಬಿಚ್ಚಿ, ಅಂಚೆಯಲ್ಲಿ ತರಿಸಿಕೊಂಡು ರಿಪೇರಿ ಮಾಡಿ ಕಳಿಸುವವರಿಗೆ ಕೊಡಬಹುದು. ಮೀಟರ್ ವಾಪಸ್ ಬರುವ ತನಕ ಕಾರು ನಿಂತಲ್ಲೇ ನಿಂತಿರಬೇಕು, ಅಷ್ಟೇ.

ಏನೇನು ಬೇಕು

ಪ್ಲಾಸ್ಟಿಕ್ ಟ್ರಿಮ್ ಟೂಲುಗಳ ಒಂದು ಸೆಟ್. ಸ್ಕ್ರೂಡ್ರೈವರಿನಿಂದ ಮೀಟಿದರೆ ಹಳೆ ಪ್ಲಾಸ್ಟಿಕ್ಕು ಗೀರಾಗುತ್ತದೆ, ಒಡೆಯುತ್ತದೆ. 10 ಮಿಲಿಮೀಟರ್ ಸಾಕೆಟ್, ಉದ್ದದ ಎಕ್ಸ್‌ಟೆನ್ಶನ್, ಫಿಲಿಪ್ಸ್ ಸ್ಕ್ರೂಡ್ರೈವರ್, ಟಾರ್ಚು, ಸ್ಕ್ರೂ ಹಾಕಿಡಲು ಬೇರೆ ಬೇರೆ ಡಬ್ಬಿ. ಬೋರ್ಡಿನ ಕೆಲಸಕ್ಕೆ ತಾಪ ನಿಯಂತ್ರಿಸುವ ಸೋಲ್ಡರಿಂಗ್ ಐರನ್, ಸೀಸ ಇರುವ ತೆಳು ಬೆಸುಗೆ ತಂತಿ, ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಫ್ಲಕ್ಸ್, ಹಳೆ ಬೆಸುಗೆ ಹೀರುವ ತಾಮ್ರದ ಜಾಲರಿ, ಐಸೊಪ್ರೊಪೈಲ್ ಆಲ್ಕೋಹಾಲ್, ಮಲ್ಟಿಮೀಟರ್, ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಕೈಪಟ್ಟಿ.

ಕೆಪಾಸಿಟರನ್ನು ಮೊದಲೇ ತರಿಸಿಡಬೇಡಿ ಎಂದು ಹೇಳುವುದಿಲ್ಲ. ಆದರೆ ನಿಮ್ಮ ಬೋರ್ಡಿನ ಮೇಲೆ ಏನು ಬರೆದಿದೆಯೋ ಅದೇ ಕೊನೆಯ ಮಾತು. ಎರಡು ಮೂರು ಅಳತೆಯವು ಕೈಯಲ್ಲಿದ್ದರೆ ಅದೇ ದಿನ ಕೆಲಸ ಮುಗಿಯುತ್ತದೆ. ತೆಗೆದುಕೊಳ್ಳುವಾಗ 105 ಡಿಗ್ರಿ ಬಿಸಿ ತಡೆಯುವ, ಒಳತಡೆ ಕಡಿಮೆ ಇರುವ ಜಾತಿಯನ್ನೇ ಕೇಳಿ. ಹೆಸರಿರುವ ಜಪಾನ್ ಕಂಪನಿಗಳ ಮಾಲು, ನಂಬಿಕೆಯ ಮಾರಾಟಗಾರರಿಂದ. ಇಲ್ಲಿ ಹತ್ತು ಸೆಂಟ್ ಉಳಿಸಲು ಹೋದರೆ ಡ್ಯಾಶ್‌ಬೋರ್ಡನ್ನು ಎರಡನೇ ಸಲ ಬಿಚ್ಚಬೇಕಾದೀತು.

ಇನ್ನು ನಿಮ್ಮ ವರ್ಷದ ಮಾಡೆಲಿನ ರಿಪೇರಿ ಮ್ಯಾನುಯಲ್. ಟೊಯೋಟಾ ತನ್ನ ತಾಂತ್ರಿಕ ಮಾಹಿತಿಯ ತಾಣಕ್ಕೆ ಎರಡು ದಿನಗಳ ಚಂದಾ ಕೊಡುತ್ತದೆ. ಮೀಟರ್ ಮತ್ತು ಡ್ಯಾಶ್‌ಬೋರ್ಡಿನ ಪುಟಗಳನ್ನು ಪ್ರಿಂಟ್ ತೆಗೆದು ಎದುರಿಗಿಟ್ಟುಕೊಳ್ಳಿ. ಯಾವ ಸ್ಕ್ರೂ ಎಲ್ಲಿ ಅಡಗಿದೆ ಅನ್ನುವುದಕ್ಕೆ ಆ ಚಿತ್ರಗಳೇ ದಾರಿ.

ಬ್ಯಾಟರಿ ಬಿಚ್ಚುವುದು ಮತ್ತು ಏರ್‌ಬ್ಯಾಗ್

ಹೈಬ್ರಿಡ್ ಅಂದಕೂಡಲೇ ಹೆದರುವವರಿಗೆ: ಕಿತ್ತಳೆ ಬಣ್ಣದ ದಪ್ಪ ತಂತಿಗಳಲ್ಲಿ 200 ವೋಲ್ಟಿಗಿಂತ ಜಾಸ್ತಿ ಹರಿಯುತ್ತದೆ. ಆದರೆ ಅವು ಮೀಟರಿನ ಹತ್ತಿರ ಸುಳಿಯುವುದೂ ಇಲ್ಲ. ಮೀಟರಿಗೆ ಬರುವುದು 12 ವೋಲ್ಟ್ ಮಾತ್ರ. ಇಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ಏರ್‌ಬ್ಯಾಗ್ ವಿಷಯದಲ್ಲಿ.

ಕಾರನ್ನು ಸಮತಟ್ಟಾದ ಜಾಗದಲ್ಲಿ, ಎರಡು ದಿನ ನಿಂತರೂ ತೊಂದರೆಯಿಲ್ಲದ ಕಡೆ ನಿಲ್ಲಿಸಿ. 12 ವೋಲ್ಟ್ ತೆಗೆದ ಮೇಲೆ ಈ ಕಾರು 'ಪಿ'ಯಿಂದ ಹೊರಬರುವುದಿಲ್ಲ, ಆ ಬೀಗವೂ ಕರೆಂಟಿನದೇ. ಡಿಕ್ಕಿಯ ಬಾಗಿಲೂ ಕರೆಂಟಿನಿಂದ ತೆರೆಯುವಂಥದ್ದು. ಬ್ಯಾಟರಿ ಬಿಚ್ಚಿ ಡಿಕ್ಕಿ ಮುಚ್ಚಿಬಿಟ್ಟರೆ, ಹಿಂದಿನ ಸೀಟ್ ಮಡಚಿ ಒಳಗೆ ತೆವಳಿಕೊಂಡು ಹೋಗಿ ಬಾಗಿಲಿನ ಒಳಗಡೆ ಇರುವ ಚಿಕ್ಕ ಲಿವರ್ ಎಳೆಯಬೇಕು. ಸುಮ್ನೆ ಡಿಕ್ಕಿಯನ್ನು ತೆರೆದೇ ಇಡಿ. ಕೀ ಫೋಬಿನೊಳಗಿನ ಲೋಹದ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಾಗಿಲು ಅಕಸ್ಮಾತ್ ಲಾಕ್ ಆದರೆ ಅದೇ ಗತಿ. ಬಾನೆಟ್ಟಿನ ಫ್ಯೂಸ್ ಪೆಟ್ಟಿಗೆಯಲ್ಲಿ ಕೆಂಪು ಮುಚ್ಚಳದ ಕೆಳಗೆ ಜಂಪ್ ಕೊಡುವ ಟರ್ಮಿನಲ್ ಇದೆ, ಅದೂ ನೆನಪಿರಲಿ.

ಕಾರು ಪೂರ್ತಿ ಆಫ್ ಆಗಿದೆ ಅಂತ ನೋಡಿಕೊಂಡು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಅದು ತಾಗದಂತೆ ಬಟ್ಟೆ ಸುತ್ತಿಡಿ. ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಕೂಡಿರುವ ಚಾರ್ಜ್ ಇಳಿಯಲು ಕನಿಷ್ಠ 90 ಸೆಕೆಂಡ್ ಕಾಯಬೇಕು ಅನ್ನುತ್ತದೆ ಮ್ಯಾನುಯಲ್. ಹತ್ತು ನಿಮಿಷ ಬಿಡಿ, ನಷ್ಟವೇನಿಲ್ಲ. ಹಳದಿ ಕನೆಕ್ಟರ್ ಎಲ್ಲಿ ಕಂಡರೂ ಅದು ಏರ್‌ಬ್ಯಾಗಿನದು. ಅದರ ಮೇಲೆ ಮಲ್ಟಿಮೀಟರಿನ ಕಡ್ಡಿ ಇಡಲೇಬಾರದು. ಬ್ಯಾಟರಿ ಹಾಕಿದ್ದಾಗ ಅದನ್ನು ತೆಗೆಯುವುದೂ ಬೇಡ, ಜೋಡಿಸುವುದೂ ಬೇಡ.

ಡ್ಯಾಶ್‌ಬೋರ್ಡಿನ ಮೇಲ್ಭಾಗ ಎತ್ತುವುದು

ಮೀಟರ್ ಗಾಜಿನ ಬುಡದಲ್ಲಿ ಆಳಕ್ಕೆ ಕೂತಿದೆ. ಮೇಲಿನ ಉದ್ದದ ಪ್ಯಾಡನ್ನು ಎತ್ತದೆ ಅದು ಹೊರಬರುವುದಿಲ್ಲ. ಆ ಪ್ಯಾಡನ್ನು ಸುತ್ತಲಿನ ಚಿಕ್ಕ ಭಾಗಗಳು ಹಿಡಿದುಕೊಂಡಿವೆ. ಹಾಗಾಗಿ ಕೆಲಸ ಅಂಚಿನಿಂದ ನಡುವಿಗೆ ಸಾಗುತ್ತದೆ.

ಎರಡೂ ಕಡೆ ಗಾಜಿನ ಪಕ್ಕದ ಕಂಬದ ಹೊದಿಕೆಗಳನ್ನು ಮೊದಲು ತೆಗೆಯಿರಿ. ಬಾಗಿಲಿನ ರಬ್ಬರ್ ಪಟ್ಟಿ ಸ್ವಲ್ಪ ಸರಿಸಿ, ಮೇಲಿನ ತುದಿಯಿಂದ ನಿಧಾನವಾಗಿ ನಿಮ್ಮ ಕಡೆ ಎಳೆಯಿರಿ. ಹೊದಿಕೆಯ ಮೇಲೆ ಏರ್‌ಬ್ಯಾಗ್ ಅಂತ ಅಚ್ಚಾಗಿದ್ದರೆ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಅದರ ಹಿಂದೆಯೇ ಇದೆ. ಅಂಥದ್ದಕ್ಕೆ ಮ್ಯಾನುಯಲ್ಲಿನ ಕ್ರಮವನ್ನು ಒಂದಕ್ಷರ ಬಿಡದೆ ಅನುಸರಿಸಿ. ನಂತರ ಎ.ಸಿ. ಗಾಳಿ ಬರುವ ಕಿಂಡಿಗಳು, ನಡುವಿನ ಸ್ಕ್ರೀನಿನ ಸುತ್ತಲಿನ ಚೌಕಟ್ಟು, ಪ್ರಯಾಣಿಕರ ಕಡೆಯ ಮೇಲಿನ ಗ್ಲೋವ್ ಬಾಕ್ಸು. ಇವೆಲ್ಲ ಹೆಚ್ಚಾಗಿ ಕ್ಲಿಪ್ಪಿನ ಮೇಲೆ, ಅಲ್ಲಲ್ಲಿ ಸ್ಕ್ರೂ ಮೇಲೆ ನಿಂತಿವೆ. ಪ್ರಯಾಣಿಕರ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಮತ್ತು ಅದನ್ನು ಒಳಚೌಕಟ್ಟಿಗೆ ಬಿಗಿದ ಬೋಲ್ಟ್ ಗ್ಲೋವ್ ಬಾಕ್ಸಿನ ಜಾಗದಿಂದ ಕೈಗೆ ಸಿಗುತ್ತವೆ.

ಹಳೆ ಪ್ಲಾಸ್ಟಿಕ್ಕು ಹಪ್ಪಳದಂತೆ ಮುರಿಯುತ್ತದೆ. ಚಳಿಗಾಲದಲ್ಲಿ ಇನ್ನೂ ಬೇಗ. ಆದ್ದರಿಂದ ಬಿಸಿಲು ಬಿದ್ದು ಡ್ಯಾಶ್‌ಬೋರ್ಡ್ ಬೆಚ್ಚಗಾದ ಮೇಲೆ ಶುರು ಮಾಡಿ. ಎಳೆದಾಗ ಬರದಿದ್ದರೆ ಇನ್ನೂ ಜೋರಾಗಿ ಎಳೆಯಬೇಡಿ. ನಿಂತು, ಟಾರ್ಚು ಬಿಟ್ಟು, ಯಾವ ಸ್ಕ್ರೂ ಉಳಿದಿದೆ ನೋಡಿ. ಪ್ರತಿ ಭಾಗ ತೆಗೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೋ, ತೆಗೆದ ಮೇಲೆ ಇನ್ನೊಂದು. ಸ್ಕ್ರೂಗಳನ್ನು ಆಯಾ ಭಾಗದ ಹೆಸರು ಬರೆದ ಡಬ್ಬಿಗೇ ಹಾಕಿ.

ಎಲ್ಲ ಸಡಿಲವಾದ ಮೇಲೆ ಮೇಲಿನ ಪ್ಯಾಡ್ ಹಿಂದಕ್ಕೆ, ಅಂದರೆ ಸೀಟಿನ ಕಡೆಗೆ ಜಾರಿ ಮೇಲೇಳುತ್ತದೆ. ಇದಕ್ಕೆ ಇಬ್ಬರಿದ್ದರೆ ಒಳ್ಳೆಯದು. ಏರ್‌ಬ್ಯಾಗ್ ಅದಕ್ಕೇ ಅಂಟಿಕೊಂಡಿರುವುದರಿಂದ ಪ್ಯಾಡನ್ನು ಹೊರಮುಖ ಮೇಲಾಗಿ, ಮೆತ್ತನೆಯ ಬಟ್ಟೆಯ ಮೇಲೆ, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಮೇಲೆ ಏನನ್ನೂ ಪೇರಿಸಬೇಡಿ.

ಈಗ ಮೀಟರ್ ಕಾಣುತ್ತದೆ. ಅದರ ಸ್ಕ್ರೂ ಬಿಚ್ಚಿ, ಕನೆಕ್ಟರಿನ ನಾಲಿಗೆ ಒತ್ತಿ, ಹೊರತೆಗೆಯಿರಿ. ತಂತಿ ಹಿಡಿದು ಎಳೆಯುವುದು ಬೇಡ.

ಬೋರ್ಡಿನ ಮೇಲೆ

ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿ, ಕೈಪಟ್ಟಿ ಕಟ್ಟಿಕೊಂಡು ಮೀಟರಿನ ಕವಚ ಬಿಚ್ಚಿ. ಡಿಸ್‌ಪ್ಲೇ ಗಾಜಿನದು, ಒಳಗೆ ನಿರ್ವಾತ. ಗಾಜನ್ನು ಹಿಡಿದು ಎತ್ತಬೇಡಿ, ಬೋರ್ಡಿನ ಅಂಚು ಹಿಡಿಯಿರಿ. ಹೊಳೆಯುವ ಮೇಲ್ಮೈ ಯಾವುದಿದ್ದರೂ ಬೆರಳು ತಾಗಿಸಬೇಡಿ.

ಪವರ್ ಸಪ್ಲೈ ಭಾಗದಲ್ಲಿ, ಲೋಹದ ಚಿಕ್ಕ ಡಬ್ಬಿಯಂತೆ ನಿಂತಿರುವವೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಕೆಲವು ಮೇಲೆ ಉಬ್ಬಿರುತ್ತವೆ, ಕೆಲವುದರ ಬುಡದಲ್ಲಿ ಕಂದು ಕಲೆ ಇರುತ್ತದೆ. ಬಹಳಷ್ಟು ಕೆಟ್ಟವು ನೋಡಲು ಹೊಸದರಂತೆಯೇ ಇರುತ್ತವೆ. ಆದ್ದರಿಂದ ಕಣ್ಣನ್ನು ನಂಬಬೇಡಿ. ಈ ಜಾತಿಯವು ಬೋರ್ಡಿನ ಮೇಲೆ ಎಷ್ಟಿವೆಯೋ ಅಷ್ಟನ್ನೂ ಬದಲಿಸಿಬಿಡಿ ಅನ್ನುವುದು ನನ್ನ ಸಲಹೆ. ಎಲ್ಲವೂ ಒಂದೇ ಬಿಸಿಲು ಕಂಡವೇ.

ಡಬ್ಬಿಯ ನೆತ್ತಿಯ ಮೇಲಿನ ಬರಹ ಓದಿ, ಫೋಟೋ ತೆಗೆಯಿರಿ. ಒಂದು ಸಂಖ್ಯೆ ಮೈಕ್ರೋಫ್ಯಾರಡ್ ಲೆಕ್ಕ. ವೋಲ್ಟೇಜನ್ನು ಕೆಲವರು ಅಂಕಿಯಲ್ಲೇ ಬರೆದಿರುತ್ತಾರೆ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ: 'ಸಿ' ಅಂದರೆ 16 ವೋಲ್ಟ್, 'ಇ' ಅಂದರೆ 25, 'ವಿ' ಅಂದರೆ 35. ಹೊಸದರ ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟೇಜ್ ಅಷ್ಟೇ ಇರಬಹುದು, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು, ಕಡಿಮೆ ಮಾತ್ರ ಬೇಡ. ಚಾರ್ಜ್ ಆಗುವಾಗ ಕಾರಿನ ವೋಲ್ಟೇಜ್ 14 ದಾಟುತ್ತದೆ, ನಡುನಡುವೆ ಜಿಗಿತಗಳೂ ಬರುತ್ತವೆ. ಹೊಸದು ಕವಚಕ್ಕೆ ತಾಗದಷ್ಟು ಎತ್ತರ ಇದೆಯಾ ಅಂತಲೂ ಅಳೆದು ನೋಡಿ.

ದಿಕ್ಕು. ಇದೊಂದನ್ನು ತಪ್ಪಿದರೆ ಕೆಪಾಸಿಟರ್ ಸಿಡಿಯುತ್ತದೆ. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಕಪ್ಪು ಗುರುತು ನೆಗೆಟಿವ್ ಕಡೆ. ಪಕ್ಕದಲ್ಲೇ ಹಳದಿ ಇಟ್ಟಿಗೆಯಾಕಾರದ ಟ್ಯಾಂಟಲಮ್ ಕೆಪಾಸಿಟರ್ ಇದ್ದರೆ ಅದರ ಪಟ್ಟಿ ಪಾಸಿಟಿವ್ ಕಡೆ, ಇದಕ್ಕೆ ಉಲ್ಟಾ. ತೆಗೆಯುವ ಮೊದಲೇ ಬೋರ್ಡಿನ ಮೇಲೆ ಮಾರ್ಕರಿನಿಂದ ನೆಗೆಟಿವ್ ಕಡೆ ಒಂದು ಚುಕ್ಕೆ ಇಡಿ.

ತೆಗೆಯುವ ಬಗೆ ಹಲವು. ಇಕ್ಕಳದಲ್ಲಿ ಹಿಡಿದು ತಿರುಚಿ ಕೀಳುವುದು ಬೇಗ ಆಗುತ್ತದೆ, ನಿಜ. ಆದರೆ ಸೋರಿದ ದ್ರವದಿಂದ ಕೆಳಗಿನ ತಾಮ್ರದ ಹಾಳೆ ಮೊದಲೇ ಸಡಿಲವಾಗಿದ್ದರೆ ಅದೂ ಕಿತ್ತುಬರುತ್ತದೆ. ಎರಡು ಐರನ್ನುಗಳ ದಾರಿ ನನಗೆ ಮೆಚ್ಚುಗೆ. ಎರಡೂ ಕಾಲಿಗೆ ಫ್ಲಕ್ಸ್ ಹಚ್ಚಿ, ಸೀಸದ ಹೊಸ ಬೆಸುಗೆಯನ್ನು ಧಾರಾಳವಾಗಿ ಸೇರಿಸಿ. ಕಾರ್ಖಾನೆಯ ಹಳೆ ಬೆಸುಗೆ ಅದರೊಂದಿಗೆ ಬೆರೆತು ಬೇಗ ಕರಗುತ್ತದೆ. 350 ಡಿಗ್ರಿಗೆ ಇಟ್ಟ ಎರಡು ಐರನ್ನುಗಳನ್ನು ಎರಡೂ ಕಡೆ ಒಟ್ಟಿಗೆ ಮುಟ್ಟಿಸಿ. ಎರಡೂ ಕರಗಿದ ಕ್ಷಣ ಕೆಪಾಸಿಟರ್ ತಾನೇ ಸಡಿಲವಾಗುತ್ತದೆ. ಬಲ ಹಾಕುವ ಪ್ರಶ್ನೆಯೇ ಇಲ್ಲ. ಒಂದೇ ಐರನ್ ಇದ್ದರೆ ಒಂದು ಕಾಲು, ಇನ್ನೊಂದು ಕಾಲು ಅಂತ ಸರದಿಯಲ್ಲಿ ಬಿಸಿ ಮಾಡುತ್ತ ಕೂದಲೆಳೆಯಷ್ಟೇ ಓರೆ ಮಾಡುತ್ತ ಬನ್ನಿ. ಬಿಸಿ ತಾಗಿದಾಗ ಮೀನಿನ ವಾಸನೆ ಬಂದರೆ ದ್ರವ ಸೋರಿತ್ತು ಅಂತಲೇ ಅರ್ಥ. ಕಿಟಕಿ ತೆರೆದಿಟ್ಟುಕೊಳ್ಳಿ.

ತಾಮ್ರದ ಜಾಲರಿಯಿಂದ ಹಳೆ ಬೆಸುಗೆ ಹೀರಿಸಿ, ಜಾಗವನ್ನು ಆಲ್ಕೋಹಾಲಿನಿಂದ ತಿಕ್ಕಿ ತೊಳೆಯಿರಿ. ಸೋರಿದ ದ್ರವ ಉಳಿದರೆ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಮಾಸಿದ ತಾಮ್ರ ಮತ್ತೆ ಹೊಳೆಯುವ ತನಕ ಬಿಡಬೇಡಿ. ಹಾಳೆ ಅಲ್ಲಿ ಎದ್ದುಬಂದಿದ್ದರೂ ಕೆಲಸ ಕೆಡಲಿಲ್ಲ. ಆ ಗೆರೆ ಎಲ್ಲಿಗೆ ಹೋಗುತ್ತದೆ ಹುಡುಕಿ, ತೆಳು ತಂತಿಯಿಂದ ಅಲ್ಲಿಗೆ ಸೇತುವೆ ಹಾಕಿ.

ಹೊಸದನ್ನು ಕೂರಿಸಲು ಒಂದು ಕಡೆ ಸ್ವಲ್ಪ ಬೆಸುಗೆ ಹಾಕಿ, ಚಿಮಟದಲ್ಲಿ ಕೆಪಾಸಿಟರ್ ಹಿಡಿದು ಆ ಕಡೆ ಅಂಟಿಸಿ, ನೇರ ನಿಂತಿದೆಯಾ ನೋಡಿ, ಆಮೇಲೆ ಇನ್ನೊಂದು ಕಡೆ. ಬೆಸುಗೆ ನುಣುಪಾಗಿ ಇಳಿಜಾರಿನಂತೆ ಹರಿದಿರಬೇಕು. ಗುಂಡಾಗಿ ಉಂಡೆ ಕಟ್ಟಿದ್ದರೆ ಹಿಡಿದಿಲ್ಲ. ಹಾಗೆಯೇ ಕನೆಕ್ಟರಿನ ಪಿನ್ನುಗಳ ಬುಡದಲ್ಲಿ ಬಿರುಕು ಇದೆಯಾ ಭೂತಗನ್ನಡಿಯಲ್ಲಿ ನೋಡಿ. ಇದ್ದರೆ ಹೊಸ ಬೆಸುಗೆ ಕೊಡಿ. ಕೊನೆಗೆ ಮಲ್ಟಿಮೀಟರನ್ನು ಓಮ್ಸ್‌ನಲ್ಲಿಟ್ಟು ಹೊಸ ಕೆಪಾಸಿಟರಿನ ಎರಡು ಕಾಲು ಮುಟ್ಟಿಸಿ. ಅಂಕಿ ಸೊನ್ನೆಯಲ್ಲೇ ನಿಂತರೆ ಎಲ್ಲೋ ಬೆಸುಗೆ ಹರಿದು ಶಾರ್ಟ್ ಆಗಿದೆ. ಮೇಲೇರುತ್ತ ಹೋದರೆ ಸರಿ ಇದೆ.

ಜೋಡಿಸುವುದು, ಪರೀಕ್ಷಿಸುವುದು

ಎಲ್ಲ ಮುಚ್ಚಿದ ಮೇಲೆ ಹತ್ತಲಿಲ್ಲ ಅಂದರೆ ಬೇಜಾರು, ಅಲ್ವಾ? ಹಾಗಾಗಿ ಅರ್ಧ ಜೋಡಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿರುವಾಗ ಪವರ್ ಕೊಟ್ಟರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹತ್ತಿ, ದೋಷದ ಕೋಡ್ ನಿಲ್ಲುತ್ತದೆ. ಅದನ್ನು ಅಳಿಸಲು ಏರ್‌ಬ್ಯಾಗ್ ಓದಬಲ್ಲ ಸ್ಕ್ಯಾನರ್ ಬೇಕು. ಆದ್ದರಿಂದ ಮೀಟರ್ ಕೂರಿಸಿ, ಪ್ಯಾಡನ್ನು ಅದರ ಜಾಗದಲ್ಲಿಟ್ಟು, ಏರ್‌ಬ್ಯಾಗಿನ ಬೋಲ್ಟ್ ಬಿಗಿದು, ಹಳದಿ ಕನೆಕ್ಟರನ್ನು 'ಟಕ್' ಅನ್ನುವ ತನಕ ಜೋಡಿಸಿ. ಗಾಳಿಕಿಂಡಿ, ಕಂಬದ ಹೊದಿಕೆ ಇವೆಲ್ಲ ಹೊರಗೇ ಇರಲಿ. ಈಗ ಬ್ಯಾಟರಿಯ ನೆಗೆಟಿವ್ ಹಾಕಿ.

ಬ್ರೇಕ್ ತುಳಿದು ಪವರ್ ಒತ್ತಿ. ಅಂಕಿಗಳು ಹತ್ತಿ, 'ರೆಡಿ' ಬರಬೇಕು. ಆಫ್ ಮಾಡಿ. ಮತ್ತೆ ಆನ್. ಬೇಗ ಬೇಗ ಐದಾರು ಸಲ ಮಾಡಿ. ಓಡೋಮೀಟರ್ ಹಳೆ ಅಂಕಿಯನ್ನೇ ತೋರಿಸಬೇಕು. ಇಂಡಿಕೇಟರ್, ಹೈಬೀಮ್, ಗೇರು, ಪೆಟ್ರೋಲಿನ ಪಟ್ಟಿ ಎಲ್ಲ ನೋಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿನಲ್ಲಿ ಆರಿಹೋಗಬೇಕು.

ನಿಜವಾದ ಪರೀಕ್ಷೆ ಮಾರನೇ ದಿನ ಬೆಳಗಿನ ಚಳಿಯಲ್ಲಿ. ಹಾಗಾಗಿ ಆ ರಾತ್ರಿ ಉಳಿದ ಹೊದಿಕೆಗಳನ್ನು ಹಾಕದೆ ಬಿಡಿ. ಬೆಳಿಗ್ಗೆ ಮೊದಲ ಸಲಕ್ಕೇ ಹತ್ತಿದರೆ ಮುಚ್ಚಿ. ಹತ್ತದಿದ್ದರೆ ಎರಡು ಜಾಗ ನೋಡಿ: ಹೊಸ ಕೆಪಾಸಿಟರಿನ ಬೆಸುಗೆ, ಮತ್ತು ಮೀಟರಿನ ಕನೆಕ್ಟರಿಗೆ 12 ವೋಲ್ಟ್ ಸರಿಯಾಗಿ ಬರುತ್ತಿದೆಯಾ ಅನ್ನುವುದು. ಎರಡೂ ಸರಿ ಇದ್ದರೆ ತೊಂದರೆ ಪವರ್ ಸಪ್ಲೈನ ಬೇರೆ ಭಾಗದಲ್ಲಿದೆ. ಆಗ ಬೋರ್ಡನ್ನು ರಿಪೇರಿಯವರಿಗೆ ಕಳಿಸುವುದೇ ಮೇಲು.

ಬ್ಯಾಟರಿ ಬಿಚ್ಚಿದ್ದರಿಂದ ಡ್ರೈವರ್ ಕಿಟಕಿಯ ಒಂದೇ ಒತ್ತಿಗೆ ಏರುವ ಸೌಕರ್ಯ, ರೇಡಿಯೋ ಚಾನೆಲ್, ಗಡಿಯಾರ ಮರೆತುಹೋಗಿರುತ್ತವೆ. ಕಿಟಕಿಯನ್ನು ಮತ್ತೆ ಕಲಿಸುವ ಕ್ರಮ ಓನರ್ಸ್ ಮ್ಯಾನುಯಲ್ಲಿನಲ್ಲಿದೆ.

ಬೇರೆ ಹೈಬ್ರಿಡ್ ಇರುವವರಿಗೆ

ಎರಡನೇ ಪೀಳಿಗೆಯ ಪ್ರಿಯಸ್ ಭಾರತದಲ್ಲಿ ಅಧಿಕೃತವಾಗಿ ಬರಲಿಲ್ಲ. ಮೂರನೇ ಪೀಳಿಗೆ ಬಂದದ್ದು 2010ರಲ್ಲಿ. ಅದಕ್ಕೂ ಮೊದಲು 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂದಿತ್ತು. 2013ರಲ್ಲಿ ಬಿಡದಿಯಲ್ಲೇ ಜೋಡಿಸಿದ ಕ್ಯಾಮ್ರಿ ಹೈಬ್ರಿಡ್. ಇವುಗಳ ಮೀಟರ್ ಬೇರೆ ಬಗೆಯದು, ಬಿಚ್ಚುವ ಕ್ರಮವೂ ಬೇರೆ. ಆದರೆ ವೋಲ್ಟೇಜ್ ನೋಡುವುದು, ಫ್ಯೂಸ್ ನೋಡುವುದು, ಏರ್‌ಬ್ಯಾಗಿನ ಎಚ್ಚರ, ಕೆಪಾಸಿಟರ್ ಓದಿ ಬದಲಿಸುವ ಕ್ರಮ ಇವು ಎಲ್ಲಿಗೂ ಒಂದೇ. ಬೆಂಗಳೂರಿನಲ್ಲಿರುವವರು 105 ಡಿಗ್ರಿಯ ಕೆಪಾಸಿಟರನ್ನು ಎಸ್.ಪಿ. ರೋಡಿನಲ್ಲಿ ಕೇಳಬಹುದು. ಹಳೆ ಬೋರ್ಡಿನಿಂದ ಕಿತ್ತದ್ದಲ್ಲ, ಹೊಸದೇ ಬೇಕು ಅಂತ ಒತ್ತಿ ಹೇಳಿ.

ಕೊನೆಗೊಂದು ವಿಷಯ, ಬಹಳ ಓಡಿರುವ ಪ್ರಿಯಸ್ ಇರುವವರಿಗೆ. ಈ ಪೀಳಿಗೆಯ ಓಡೋಮೀಟರ್ 2,99,999 ಮೈಲಿಗೆ ಬಂದು ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಎಣಿಸುವುದಿಲ್ಲ. ಅದು ಕೆಪಾಸಿಟರಿನ ದೋಷವಲ್ಲ, ಈ ರಿಪೇರಿಯಿಂದ ಸರಿಯಾಗುವುದೂ ಇಲ್ಲ. ಅಷ್ಟು ಓಡಿದ ಕಾರಾದರೆ ಮೈಲಿಯ ಲೆಕ್ಕವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.